ಕಂಡಕ್ಟರ್ ಸುಮನಳಿಗೆ ಸಿಟ್ಟು ಬಂದದ್ದು

ಗೋಕಾಕ ಡಿಪೊದಲ್ಲಿ ಸುಮನಳ ಮೇಲೆ ಯಾರದೂ ದೂರಿರಲಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು, ಚಿಲ್ಲರೆಗಾಗಿ ಯಾರ ಜೊತೆಗೂ ಜಗಳ ಕಾಯುತ್ತಿರಲಿಲ್ಲ. ಎರಡನೆಯ ಪಾಳಿಗೆ ಜನ ಇಲ್ಲವೆಂದು ಡ್ಯೂಟಿ ಹಚ್ಚುವ ಮಹೇಶ ಗೋಳಾಡಿದರೆ, ಮಾತಿಲ್ಲದೆ ಟಿಕೆಟ್ ಮಷೀನು ತೆಗೆದುಕೊಂಡು ಮತ್ತೆ ಬಸ್ ಹತ್ತುತ್ತಿದ್ದಳು. ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆಯಾದ ಮೇಲೆ ಗೋಕಾಕ–ಸಂಕೇಶ್ವರ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಉಳಿದ ಕಂಡಕ್ಟರುಗಳು ಬೈದಾಡಿಕೊಂಡು ಇಳಿಯುತ್ತಿದ್ದರು. ಸುಮನ ಬೈಯುತ್ತಿರಲಿಲ್ಲ. ಆಧಾರ್ ಕಾರ್ಡು ನೋಡುವುದು, ಟಿಕೆಟ್ ಹರಿದು ಕೊಡುವುದು, ಸೀಟಿ ಊದುವುದು, ಎಲ್ಲವನ್ನೂ ಕೈ ತನ್ನಷ್ಟಕ್ಕೆ ತಾನೇ ಮಾಡುತ್ತಿತ್ತು. ಇದು ತಾಳ್ಮೆ ಎಂದೇ ಆಕೆಯೂ ತಿಳಿದಿದ್ದಳು.

ಮನೆಯಲ್ಲಿ ಗಂಡ ಮಲ್ಲೇಶ, ಅತ್ತೆ ಪಾರವ್ವ, ಒಂಬತ್ತನೆಯ ತರಗತಿಯ ಮಗಳು ಪೂನಮ್. ಮಲ್ಲೇಶ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಯಾರೂ ಕೆಟ್ಟವರಲ್ಲ. ಆದರೆ ಮನೆಗೆ ಬಂದು ಕುಳಿತರೆ ಎದುರಿಗಿದ್ದವರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಒಳಗೆ ಇಳಿಯುತ್ತಿರಲಿಲ್ಲ. ಹೂಂ ಅನ್ನುತ್ತಿದ್ದಳು. ಮನೆಗಿಂತ ಬಸ್ಸೇ ಸಲೀಸಾಗಿತ್ತು. ಎರಡನೆಯ ಪಾಳಿಯನ್ನು ಬೇಡ ಅನ್ನದಿರಲು ಖರೆ ಕಾರಣ ಅದೇ.

ಕಬ್ಬಿನ ಹಂಗಾಮಿನಲ್ಲಿ ಒಂದು ಮಧ್ಯಾಹ್ನ, ಸಂಕೇಶ್ವರದಾಚೆಯ ಕಣಗಲಾ ಎಂಬ ಊರಿನ ಮಾಯಪ್ಪ ಎಂಬ ಮುದುಕ ಆಕೆಯ ಬಸ್ಸಿನಲ್ಲಿ ಸತ್ತುಹೋದ. ಗೋಕಾಕದಲ್ಲಿದ್ದ ಮಗಳ ಮನೆಗೆ ಮೊಮ್ಮಗನನ್ನು ನೋಡಲು ಬಂದು ಗಂಡಹೆಂಡತಿ ಊರಿಗೆ ಹೊರಟಿದ್ದರು. ಹೆಂಡತಿ ಶಂಕ್ರವ್ವನಿಗೆ ಮುಂದೆ ಹೆಂಗಸರ ಸೀಟು ಸಿಕ್ಕಿತ್ತು, ಮಾಯಪ್ಪನಿಗೆ ಹಿಂದೆ. ಇಬ್ಬರೂ ಜೊತೆಗೆ ಹತ್ತಿದ್ದನ್ನು ಸುಮನ ನೋಡಿದ್ದಳು. ನಡುವೆ ಬಸ್ಸಿನ ತುಂಬ ಜನ. ಘಟಪ್ರಭಾ ದಾಟಿದ ಮೇಲೆ ಸುಮನ ಹೇಗೋ ನುಸುಳಿ ಹಿಂದೆ ಹೋಗಿ ಆತನಿಗೆ ಸಂಕೇಶ್ವರದ ಟಿಕೆಟ್ ಕೊಟ್ಟಳು. ಆತ ತಲೆಯೆತ್ತಿ ಏನೋ ಅಂದ. ಆಕೆ ಹೂಂ ಅಂದು ಮುಂದಿನ ಸೀಟಿಗೆ ಕೈ ಚಾಚಿದಳು.

ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಬಸ್ ತೆವಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಯಾರೋ ಕರೆದರು. ಬಾಜೂದ ಮುದುಕ ಮೈಮೇಲೆ ಒರಗಿದ್ದಾನೆ, ಎಬ್ಬಿಸಿದರೆ ಏಳುತ್ತಿಲ್ಲ ಎಂದು ದೂರಿದರು. ಸುಮನ ಹೋಗಿ ಮೂಗಿನ ಹತ್ತಿರ ಬೆರಳಿಟ್ಟಳು, ಮುಂಗೈ ಹಿಡಿದಳು. ತಿಳಿಯಿತು. ಚೀರಲಿಲ್ಲ. ಮುಂದೆ ಹೋಗಿ ಚಾಲಕ ಅಣ್ಣಪ್ಪನ ಕಿವಿಯಲ್ಲಿ, ಎಲ್ಲೂ ನಿಲ್ಲಿಸದೆ ಹುಕ್ಕೇರಿ ದವಾಖಾನೆಗೇ ಹೊಡೆಯಿರಿ ಎಂದಳು. ಶಂಕ್ರವ್ವನಿಗೆ ನಿಮ್ಮವರಿಗೆ ಚಕ್ಕರ್ ಬಂದಿದೆ ಎಂದಷ್ಟೇ ಹೇಳಿ, ಜನರನ್ನು ಸರಿಸಿ, ಆಕೆಯನ್ನು ಕೈ ಹಿಡಿದು ಹಿಂದಕ್ಕೆ ಕರೆತಂದು ಗಂಡನ ಪಕ್ಕ ಕೂರಿಸಿದಳು. ಶಂಕ್ರವ್ವ ಗಂಡನ ಮುಖ ನೋಡಿದಳು. ಆತನ ಟೋಪಿ ಕೆಳಗೆ ಬಿದ್ದಿತ್ತು. ಎತ್ತಿ ಧೂಳು ಝಾಡಿಸಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

ಡಾಕ್ಟರು ನೋಡಿ ತಲೆಯಲ್ಲಾಡಿಸಿದರು. ಅಣ್ಣಪ್ಪ ಉಳಿದ ಪ್ರಯಾಣಿಕರನ್ನು ಬೇರೆ ಬಸ್ಸಿಗೆ ಹತ್ತಿಸುವ ವ್ಯವಸ್ಥೆ ಮಾಡಿದ. ಗೋಕಾಕದಿಂದ ಮಗಳು ಬರುವತನಕ ಮುದುಕಿಯ ಜೊತೆ ಯಾರಾದರೂ ಇರಬೇಕಲ್ಲ ಎಂದು ಸುಮನ ವರಾಂಡದ ಬೆಂಚಿನ ಮೇಲೆ ಕುಳಿತಳು. ಶಂಕ್ರವ್ವ ಅಳುತ್ತಿರಲಿಲ್ಲ. ಗಂಡನ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದಳು.

"ಟಿಕೆಟ್ ತಗೊಳ್ಳೂವಾಗ ಅವ್ರು ಏನರೆ ಅಂದ್ರೇನ ತಂಗಿ?"

ಸುಳ್ಳು ಹೇಳಬಹುದಿತ್ತು. ನಿಮ್ಮನ್ನೇ ಕೇಳಿದರು ಅನ್ನಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ಹಾಗೆಯೇ ಅನ್ನುತ್ತಿದ್ದರೇನೊ. ಸುಮನಳಿಗೆ ಸುಳ್ಳು ಕಟ್ಟುವಷ್ಟು ಕಸುವೂ ಇರಲಿಲ್ಲ.

"ಏನೋ ಅಂದ್ರು ಆಯಿ. ನಾ ಕೇಳಿಸ್ಕೊಳ್ಳಿಲ್ಲ."

ಶಂಕ್ರವ್ವ ಅದನ್ನು ಒಪ್ಪಿಕೊಂಡವಳಂತೆ ತಲೆದೂಗಿದಳು. "ದೊಡ್ಡದೇನ ಅಂದಿರೂದಿಲ್ಲ ಬಿಡು. ಸಂಕೇಶ್ವರ ಎಷ್ಟೊತ್ತಿಗಿ ಮುಟ್ಟತೈತಿ ಅಂತ ಕೇಳಿರ್ಬೇಕ. ಹತ್ತಿದಾಗಿಂದ ಅದನ್ನ ಕೇಳಾಕತ್ತಿದ್ರು."

ಮಗಳು ಬಂದು ವರಾಂಡದಲ್ಲೇ ಕುಸಿದು ಅತ್ತಳು. ಸುಮನ ಆಕೆಗೆ ನೀರು ತಂದುಕೊಟ್ಟು, ಯಾರ ಹತ್ತಿರ ಸಹಿ ಮಾಡಿಸಬೇಕು ಎಂದು ತೋರಿಸಿ ಹೊರಟಳು. ಡಿಪೊದಲ್ಲಿ ಎಲ್ಲರೂ ಭೇಷ್ ಅಂದರು. ಆಕೆಯ ಧೈರ್ಯವನ್ನು ನೋಡಿ ಕಲಿಯಬೇಕು ಎಂದು ಮಹೇಶ ಹೊಸ ಕಂಡಕ್ಟರುಗಳಿಗೆ ಹೇಳಿದ.

ಮನೆಗೆ ಬಂದು ಸುಮನ ರೊಟ್ಟಿ, ಬದನೆಕಾಯಿ ಪಲ್ಯ ಉಂಡಳು. ಮಲಗಿದ ಕೂಡಲೇ ನಿದ್ದೆ ಬಂತು. ಮರುದಿನ ಬೆಳಿಗ್ಗೆ ಮಲ್ಲೇಶ ಹಾಲು ತರಲು ಹೋದವನು ಬರಿಗೈಯಲ್ಲಿ ತಿರುಗಿ ಬಂದ. ದಾರಿಯಲ್ಲಿ ಅಣ್ಣಪ್ಪ ಸಿಕ್ಕು ಎಲ್ಲ ಹೇಳಿದ್ದ.

"ಮನಿಗಿ ಬಂದು ಒಂದ್ ಮಾತರೆ ಹೇಳಬಾರ್ದಿತ್ತೇನ?"

"ಮರ್ತಿದ್ದೆ," ಅಂದಳು ಸುಮನ.

"ಬಸ್ಸಿನ್ಯಾಗ ಮನಷ್ಯಾ ಸತ್ತದ್ದ ಮರೀತಾರೇನ?"

ಆತ ಕೇಳಿದ್ದು ಸರಿಯಾಗಿತ್ತು. ಮಲ್ಲೇಶನ ಮುಖದಲ್ಲಿ ಅಂಜಿಕೆ ಇತ್ತು. ಅದನ್ನು ನೋಡಿ ತನಗೂ ಅಂಜಿಕೆ ಆಗಬೇಕಿತ್ತು ಅನ್ನಿಸಿತೇ ಹೊರತು, ಅಂಜಿಕೆ ಬರಲಿಲ್ಲ.

ಅದೇ ವಾರ ಇನ್ನೊಂದಾಯಿತು. ಸಂಜೆ ಬಚ್ಚಲಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಅಡುಗೆಮನೆಯಿಂದ ಮಗಳ ದನಿ ಕೇಳಿತು. ಖೋಖೋ ಆಟದಲ್ಲಿ ಏನೋ ಆಗಿತ್ತು, ಪೂನಮ್ ಅಜ್ಜಿಗೆ ಹೇಳುತ್ತಿದ್ದಳು. ಅವ್ವನಿಗೂ ಹೇಳು ಎಂದು ಪಾರವ್ವ ಅಂದಿರಬೇಕು.

"ಅವ್ವಗ ಹೇಳಿ ಏನ್ ಮಾಡೂದೈತಿ ಆಯಿ. ಹೂಂ ಅಂತಾಳ, ಆತು."

ದನಿಯಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ಮಳೆ ಬಂದರೆ ರಸ್ತೆ ಕೆಸರಾಗುತ್ತದೆ ಅಂದಹಾಗೆ ಅಂದಿದ್ದಳು. ಸುಮನ ನಲ್ಲಿ ನಿಲ್ಲಿಸಿ ಅಲ್ಲೇ ನಿಂತಳು. ಈ ಮಾತಾದರೂ ಎಲ್ಲಾದರೂ ತಾಗುತ್ತದೇನೋ ಎಂದು ಕಾಯ್ದಳು. ಕಾಲು ತಣ್ಣಗಾದವು, ಅಷ್ಟೇ.

ವಾರದ ರಜೆ ಬಂದಾಗ ಆಕೆ ಕಣಗಲಾಕ್ಕೆ ಹೋದಳು. ಯಾಕೆಂದು ಮಲ್ಲೇಶ ಕೇಳಿದ್ದಕ್ಕೆ, ಮುದುಕಿಯನ್ನು ಮಾತಾಡಿಸಿ ಬರುತ್ತೇನೆ ಅಂದಳು. ಸಂಕೇಶ್ವರದಲ್ಲಿ ನಿಪ್ಪಾಣಿ ಬಸ್ ಹಿಡಿದು ಹೆದ್ದಾರಿಯಲ್ಲಿ ಇಳಿದು, ಕೇಳುತ್ತ ಕೇಳುತ್ತ ಮನೆ ಮುಟ್ಟಿದಳು. ಶಂಕ್ರವ್ವ ಜಗುಲಿಯ ಮೇಲೆ ಬೀಜದ ಶೇಂಗಾ ಒಡೆಯುತ್ತ ಕುಳಿತಿದ್ದಳು. ಗುರುತು ಹಿಡಿದು, ಬಾ ಕುಂದ್ರು ಎಂದು ಚಹಾ ಕೊಟ್ಟು, ಒಂದು ಬುಟ್ಟಿ ಶೇಂಗಾವನ್ನು ಸುಮನಳ ಮುಂದಕ್ಕೂ ಸರಿಸಿದಳು.

ಇಬ್ಬರೂ ಬಹಳ ಹೊತ್ತು ಒಡೆದರು. ಮಗಳು ಇಲ್ಲೇ ಇದ್ದು ಹೋದಳೆಂದೂ, ಎಮ್ಮೆ ಈಗ ಹಾಲು ಕಡಿಮೆ ಮಾಡಿದೆಯೆಂದೂ ಶಂಕ್ರವ್ವ ಹೇಳಿದಳು. ಆಮೇಲೆ, ಯಾರೂ ಕೇಳದಿದ್ದರೂ, ತನಗೆ ಇನ್ನೂ ಅಳು ಬಂದಿಲ್ಲ ಎಂದಳು. ಓಣಿಯ ಹೆಂಗಸರು ಅದನ್ನೇ ಆಡಿಕೊಳ್ಳುತ್ತಿದ್ದಾರಂತೆ.

"ನನಗೂ ಏನೂ ಅನ್ಸಿಲ್ಲ ಆಯಿ," ಅಂದಳು ಸುಮನ. "ಅವತ್ತಷ್ಟ ಅಲ್ಲ. ಭಾಳ ದಿನ ಆತು, ಏನೂ ಅನ್ಸೂದ ಇಲ್ಲ."

ಬೇರೆ ಯಾರಿಗೂ ಆಕೆ ಇದನ್ನು ಹೇಳಿರಲಿಲ್ಲ. ತನಗೆ ತಾನೇ ಹೇಳಿಕೊಂಡಿದ್ದೂ ಇರಲಿಲ್ಲ.

ಶಂಕ್ರವ್ವ ಆಕೆಯ ಮುಖವನ್ನು ಹತ್ತಿರದಿಂದ ನೋಡಿದಳು. "ನಂದು ಮೊನ್ನಿ ಮೊನ್ನೀದು. ನೀ ಇನ್ನ ಸಣ್ಣಾಕಿ. ದಿನಾ ಎಷ್ಟೊತ್ತ ಆ ಬಸ್ಸಿನ್ಯಾಗ ಇರ್ತಿ?"

ಸುಮನ ಹೇಳಿದಳು. ಬೆಳಿಗ್ಗೆಯ ಪಾಳಿ, ಅದರ ಹಿಂದೆ ಇನ್ನೊಂದು, ಮನೆಗೆ ಹೋದರೆ ಅಡುಗೆ, ಮತ್ತೆ ನಸುಕಿನಲ್ಲಿ ಏಳುವುದು. ಹೇಳುತ್ತ ಹೋದಂತೆ ಇನ್ಯಾರದೋ ಬದುಕನ್ನು ವರ್ಣಿಸುತ್ತಿರುವಂತೆ ಆಕೆಗೇ ಕೇಳಿಸಿತು. ಅಂಥ ಹೆಂಗಸೊಬ್ಬಳು ಎದುರಿಗೆ ಬಂದು ಹೀಗೆ ಹೇಳಿದ್ದರೆ ತಾನೇ ಆಕೆಗೆ, ಹುಚ್ಚಿ, ಒಂದಿಷ್ಟು ಬಿಡು ಅನ್ನುತ್ತಿದ್ದೆ ಅನ್ನಿಸಿತು. ಶಂಕ್ರವ್ವ ಬುದ್ಧಿ ಹೇಳಲಿಲ್ಲ. ಹೊರಟಾಗ ಸೆರಗಿಗೆ ಒಂದು ಬೊಗಸೆ ಶೇಂಗಾ ಸುರಿದು, ಮತ್ತೆ ಬಾ ಅಂದಳು.

ಮರುದಿನ ಸುಮನ ಮಹೇಶನಿಗೆ ಇನ್ನು ಎರಡನೆಯ ಪಾಳಿ ಮಾಡುವುದಿಲ್ಲ ಅಂದಳು. ಮಹೇಶ ನಂಬಲಿಲ್ಲ, ಮೈ ಹುಷಾರಿಲ್ಲವೇ ಎಂದು ಕೇಳಿದ. ಹುಷಾರಿದ್ದೇನೆ ಎಂದಾಗ ಮುಖ ಗಂಟು ಹಾಕಿದ. ಮುಂದಿನ ದಿನಗಳಲ್ಲಿ ಆಕೆಗೆ ಸಿಕ್ಕಿದ್ದು ಎಲ್ಲರೂ ಬೇಡವೆನ್ನುವ ಹಳೆಯ ಗಾಡಿ. ಅದನ್ನೂ ಆಕೆ ಸುಮ್ಮನೆ ಹತ್ತಿದಳು. ಆದರೆ ಸಂಜೆ ಬೆಳಕಿರುವಾಗಲೇ ಮನೆಯಲ್ಲಿರುತ್ತಿದ್ದಳು. ಮನೆಯಲ್ಲಿ ಏನು ಮಾಡಬೇಕೆಂದು ಮೊದಲು ತಿಳಿಯಲಿಲ್ಲ. ಬೀಗರ ಮನೆಗೆ ಬಂದವರಂತೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು. ಪೂನಮ್ ಏನಾದರೂ ಅಂದರೆ, ಬಾಯಿಗೆ ಬಂದ ಹೂಂ ತಡೆದು, ಮತ್ತೊಮ್ಮೆ ಹೇಳು ಅನ್ನುತ್ತಿದ್ದಳು. ಮೊದಮೊದಲು ಹುಡುಗಿಗೆ ಇದು ಕಿರಿಕಿರಿಯಾಯಿತು. ಒಂದೇ ಮಾತನ್ನು ಎರಡು ಸಲ ಹೇಳುವುದು ಯಾರಿಗೆ ಬೇಕು. ಆದರೂ ಹೇಳಿದಳು. ಶಾಲೆಯ ಖೋಖೋ ತಂಡದಲ್ಲಿ ಆಕೆ ಇದ್ದಾಳೆಂದೂ, ಮೂಡಲಗಿಯಲ್ಲಿ ಪಂದ್ಯ ಇದೆಯೆಂದೂ ಸುಮನಳಿಗೆ ತಿಳಿದದ್ದು ಹೀಗೆ. ಉಳಿದವರಿಗೆಲ್ಲ ಯಾವಾಗಲೋ ಗೊತ್ತಿತ್ತು.

ಪಂದ್ಯದ ದಿನ ಸುಮನ ರಜೆ ಹಾಕಿ ಮೂಡಲಗಿಗೆ ಹೋದಳು. ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ, ಎರಡು ಕಂಬ, ಬೇವಿನ ಗಿಡದ ಕೆಳಗೆ ನಾಲ್ಕಾರು ಪ್ಲಾಸ್ಟಿಕ್ ಕುರ್ಚಿ. ಬೇರೆ ತಾಯಂದಿರು ಕೂಗಿ ಹುರಿದುಂಬಿಸುತ್ತಿದ್ದರು. ಸುಮನ ಕೈಕಟ್ಟಿ ಕುಳಿತು ನೋಡಿದಳು. ಮಗಳು ಇಷ್ಟು ಜೋರು ಓಡುತ್ತಾಳೆ ಎಂದು ಗೊತ್ತಿರಲಿಲ್ಲ. ಹೆಮ್ಮೆ ಪಡಬೇಕು ಎಂದುಕೊಂಡಳು. ಹೆಮ್ಮೆ ಬರಲಿಲ್ಲ, ಬಿಸಿಲಷ್ಟೇ ಕಣ್ಣಿಗೆ ಹೊಡೆಯಿತು.

ಆಟ ಮುಗಿಯಲು ಬಂದಾಗ ಪೂನಮ್ ಒಬ್ಬಳನ್ನು ಕಂಬದತನಕ ಅಟ್ಟಿಸಿಕೊಂಡು ಹೋಗಿ ಮುಟ್ಟಿದಳು. ಅಂಪೈರ್ ಸೀಟಿ ಊದಿ ಫೌಲ್ ಅಂದರು. ಅಟ್ಟುವವರು ದಾಟಬಾರದ ನಡುಗೆರೆಯನ್ನು ಆಕೆ ದಾಟಿದ್ದಾಳಂತೆ. ದಾಟಿರಲಿಲ್ಲ. ಸುಮನ ಆ ಕಾಲನ್ನೇ ನೋಡುತ್ತಿದ್ದಳು.

ತಾನು ಎದ್ದದ್ದು ಆಕೆಗೆ ಗೊತ್ತಾಗಲಿಲ್ಲ. ಗೊತ್ತಾಗುವಷ್ಟರಲ್ಲಿ ಸುಣ್ಣದ ಗೆರೆಯ ಒಳಗೇ ನಿಂತಿದ್ದಳು.

"ಎಲ್ಲಿ ದಾಟ್ಯಾಳ್ರಿ? ನಾ ನೋಡಾಕತ್ತೇನಿ. ಹುಡಿಗಿ ಕಾಲು ಈ ಕಡೆ ಐತಿ, ನೀವು ಆ ಕಡೆ ನಿಂತು ಹ್ಯಾಂಗ್ ಹೇಳ್ತೀರಿ?"

ಗದ್ದಲದ ಬಸ್ಸಿನ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಮುಟ್ಟುವ ದನಿ ಅದು. ಅಂಪೈರ್ ಮೊದಲು ತಬ್ಬಿಬ್ಬಾದರು, ಆಮೇಲೆ ಹೊರಗೆ ಹೋಗಿರಿ ಅಂದರು. ಆಕೆ ಹೋಗಲಿಲ್ಲ. ಕಿವಿ ಬಿಸಿಯಾಗಿತ್ತು. ಪೂನಮ್ ಓಡಿ ಬಂದು ಅವ್ವನ ತೋಳು ಹಿಡಿದು, ತಗ್ಗಿದ ದನಿಯಲ್ಲಿ, "ಅವ್ವಾ, ಹೊಳ್ಳಿ ಹೋಗಿ ಕುಂದ್ರು," ಅಂದಳು. ಆಗ ಸುಮನ ತಿರುಗಿ ಹೋಗಿ ಕುಳಿತಳು. ಫೌಲ್ ಫೌಲಾಗಿಯೇ ಉಳಿಯಿತು. ತಂಡ ಸೋತಿತು.

ಕುರ್ಚಿಯ ಮೇಲೆ ಕುಳಿತು ಆಕೆ ತನ್ನ ಎದೆಯ ಬಡಿತವನ್ನು ಕೇಳಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಎಷ್ಟು ಕಾಲವಾಗಿತ್ತೋ ಹೀಗಾಗಿ. ಅದನ್ನು ಇಳಿಸಲು ಆಕೆಗೆ ಮನಸ್ಸಾಗಲಿಲ್ಲ.

ಪೂನಮ್ ಗೋಕಾಕದ ಬಸ್ಸಿನಲ್ಲಿ ಅವ್ವನ ಪಕ್ಕ ಕುಳಿತಳು, ಆದರೆ ಮುಖ ಕಿಟಕಿಯ ಕಡೆ. ಗೆಳತಿಯರ ಮುಂದೆ ಮಾನ ಹೋಗಿತ್ತು. ಸುಮನ ಮಾತಾಡಿಸಿದರೆ ತಿರುಗಿ ನೋಡಲಿಲ್ಲ, ತಂದಿದ್ದ ಭಜಿಯನ್ನೂ ಮುಟ್ಟಲಿಲ್ಲ. ಸುಮನಳಿಗೆ ನೋವಾಯಿತು. ಎದೆಯ ನಡುವೆ ಸಣ್ಣಗೆ, ಮೊಣಕೈ ಬಾಗಿಲಿಗೆ ತಾಗಿದ ಹಾಗೆ, ನೋವಾಯಿತು. ಆಕೆ ಪೊಟ್ಟಣವನ್ನು ಮಡಚಿ ಚೀಲದಲ್ಲಿಟ್ಟಳು.

ಮಗಳ ಮುನಿಸು ಮೂರ್ನಾಲ್ಕು ದಿನವಿತ್ತು. ಹಳೆಯ ಗಾಡಿ ಇನ್ನೂ ಬಹಳ ದಿನ ಸುಮನಳ ಪಾಲಿಗೇ ಬಂತು. ಬಸ್ಸಿನ ಗದ್ದಲ ಈಗಲೂ ಅಷ್ಟೇ ಇದೆ. ಕೆಲವು ದಿನ ಸಂಜೆ ಮನೆಗೆ ಬಂದಾಗ ಮತ್ತೆ ಎದುರಿನವರ ಬಾಯಿ ಆಡುವುದಷ್ಟೇ ಕಾಣುತ್ತದೆ. ಅಂಥ ದಿನ ಆಕೆ, ಇವತ್ತು ಯಾರ ಮಾತೂ ಒಳಗೆ ಇಳಿಯುತ್ತಿಲ್ಲ ಎಂದು ಮಲ್ಲೇಶನಿಗೆ ಹೇಳುತ್ತಾಳೆ. ಆತ ಪಾರವ್ವನನ್ನೂ ಪೂನಮ್‌ಳನ್ನೂ ಊಟಕ್ಕೆ ಕರೆದು ತಾನೇ ಬಡಿಸುತ್ತಾನೆ. ಆಕೆ ಅಂಗಳದಲ್ಲಿ ಸ್ವಲ್ಪ ಹೊತ್ತು ಅಡ್ಡಾಡಿ, ಒಳಗೆ ಬಂದು, ಅವರ ಪಕ್ಕ ತನ್ನ ತಾಟು ಹಾಕಿಕೊಳ್ಳುತ್ತಾಳೆ.