ಲವೋನ್ ಮೈಕಿನಲ್ಲಿ ಆಡಿದ ಮಾತು

ಆ ಚಳಿಗಾಲ ಎಲ್ಕ್ ಫೋರ್ಕ್ ಊರಿನಲ್ಲಿ ಒಂದೇ ಪಕ್ಷದ ಜನ ಒಬ್ಬರ ಮುಖ ಒಬ್ಬರು ನೋಡದ ಹಾಗಾಗಿತ್ತು. ಎದುರು ಪಕ್ಷದವರ ಜೊತೆ ಜಗಳವಾಡಿ ಊರಿಗೆ ಅಭ್ಯಾಸವಿತ್ತು. ಹಗಲು ಬೈದಾಡಿ ಸಂಜೆ ಅವರ ಜೊತೆಗೇ ಬೌಲಿಂಗ್ ಆಡಲು ಹೋಗುತ್ತಿದ್ದರು. ತಮ್ಮವರ ಜೊತೆ ಹೇಗೆ ಜಗಳವಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಲವೋನ್ ಬ್ರಾಂಡ್ಸ್‌ಗಾರ್ಡ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒರೆಸಿದ ಮೇಜನ್ನೇ ಮತ್ತೆ ಒರೆಸುವಳು. ಫೋನ್ ಬಂದರೆ ಯಾಕೆ ಬಂತೋ ಎಂದು ಎದೆ ಹೊಡೆದುಕೊಳ್ಳುವುದು, ಬರದಿದ್ದರೆ ಯಾಕೆ ಬರಲಿಲ್ಲವೋ ಎಂದು. ಅವಳು ಊರಿನ ಶಾಲೆಯ ಅಡುಗೆಮನೆ ನೋಡಿಕೊಳ್ಳುವವಳು. ತಮ್ಮ ವಾರ್ಡಿನಲ್ಲಿ ಪಕ್ಷದ ಸಭೆ ನಡೆಸುವವಳೂ ಅವಳೇ. ಎಷ್ಟೋ ಚುನಾವಣೆಗಳಿಂದ ಆ ಕೆಲಸಕ್ಕೆ ಬೇರೆ ಯಾರ ಹೆಸರನ್ನೂ ಯಾರೂ ಎತ್ತಿರಲಿಲ್ಲ.

ಈ ಸಲ ದೇಶದ ಅಧ್ಯಕ್ಷ ಪದವಿಗೆ ಪಕ್ಷದಿಂದ ಯಾರು ನಿಲ್ಲಬೇಕು ಅನ್ನುವುದಕ್ಕೇ ಜಟಾಪಟಿ. ಒಬ್ಬಳು ಅವರದೇ ರಾಜ್ಯದ ಗವರ್ನರ್ ಕಿಟ್ರೆಜ್. ಇನ್ನೊಬ್ಬ ಪೂರ್ವದ ಕಡೆಯ ವಯಸ್ಸಾದ ಸೆನೆಟರ್ ಲೋಮ್ಯಾಕ್ಸ್. ನಡುವೆ ಯಾವುದೋ ದೊಡ್ಡ ನಗರದ ಮೇಯರ್, ಚೆಂದದ ಹಲ್ಲಿನವನು.

ಲವೋನ್ ಕಿಟ್ರೆಜ್ ಕಡೆ. ಯಾಕೆ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ. ಮೊದಲೆಲ್ಲ ಊಟದ ದುಡ್ಡು ಕಟ್ಟದ ಮಕ್ಕಳ ಕೈಯಿಂದ ಬಿಸಿ ಊಟದ ತಟ್ಟೆ ಕಿತ್ತುಕೊಂಡು ತಣ್ಣನೆಯ ಚೀಸ್ ಬ್ರೆಡ್ಡು ಕೊಡಬೇಕಿತ್ತು, ಉಳಿದ ಮಕ್ಕಳೆಲ್ಲ ನೋಡುತ್ತಿರುವಾಗಲೇ. ಕೊಡುತ್ತಿದ್ದವಳು ಲವೋನ್. ಗವರ್ನರ್ ಬಂದ ವರ್ಷ ಎಲ್ಲ ಮಕ್ಕಳಿಗೂ ಊಟ ಪುಕ್ಕಟೆಯಾಯಿತು. "ಆ ಹೆಂಗಸು ನನ್ನ ಕೈಯಿಂದ ಪಾಪ ತೊಳೆದಳು," ಎನ್ನುತ್ತಿದ್ದಳು ಲವೋನ್.

ಅವಳ ಗಂಡ ಮರ್ಲ್‌ನ ತಂಗಿ ಡೋರೀನ್ ಲೋಮ್ಯಾಕ್ಸ್ ಕಡೆ. ಅವಳದು ಹಂದಿ ಮಾಂಸದ ಕಾರ್ಖಾನೆಯಲ್ಲಿ ಕತ್ತಿ ಹಿಡಿಯುವ ಕೆಲಸ, ಅಲ್ಲಿನ ಕಾರ್ಮಿಕ ಸಂಘದ ಮುಂದಾಳು ಕೂಡ. ನಾಲ್ಕು ವರ್ಷದ ಹಿಂದೆ ಮುಷ್ಕರವಾದಾಗ ಇದೇ ಕಿಟ್ರೆಜ್ ಗೇಟಿಗೆ ಪೊಲೀಸರನ್ನು ಕಳಿಸಿದ್ದಳು. ಹೊಸ ಆಳುಗಳನ್ನು ತುಂಬಿದ ಬಸ್ಸುಗಳು ಪೊಲೀಸರ ಬೆನ್ನಿಗೆ ಒಳಗೆ ಹೋದವು, ಮುಷ್ಕರ ಮುರಿಯಿತು. ಆ ನೂಕಾಟದಲ್ಲಿ ಡೋರೀನಳ ಮಣಿಕಟ್ಟೂ ಮುರಿಯಿತು. ಲೋಮ್ಯಾಕ್ಸ್ ಆಗ ಅಷ್ಟು ದೂರದಿಂದ ಬಂದು ಒಂದು ಬೆಳಗ್ಗೆ ಪೂರ್ತಿ ಅವರ ಜೊತೆ ಹಿಮದಲ್ಲಿ ನಿಂತಿದ್ದ.

ನವೆಂಬರಿನ ಒಂದು ಭಾನುವಾರ ಲವೋನಳ ಊಟದ ಮೇಜಿನಲ್ಲೇ ಕಿಡಿ ಹತ್ತಿತು.

"ನಿನ್ನ ಮುದುಕ ಗೆಲ್ಲಲ್ಲ ಕಣೇ," ಎಂದಳು ಲವೋನ್, ಆಲೂಗಡ್ಡೆ ಬಡಿಸುತ್ತ. "ಮೆಟ್ಟಿಲು ಹತ್ತೋಕೆ ಅವನಿಗೆ ಇಬ್ಬರು ಬೇಕು. ಅವನನ್ನ ನಿಲ್ಲಿಸಿ ಸೋತ್ರೆ ಅದರ ಪಾಪ ನಿಮ್ಮ ತಲೆ ಮೇಲೆ."

"ಮೆಟ್ಟಿಲು ಹತ್ತೋಕೆ ಆಗ್ದಿದ್ರೂ ನಮ್ಮ ಗೇಟಿಗೆ ಬಂದ. ನಿನ್ನ ಮಹಾರಾಣಿ ಪೊಲೀಸ್ರನ್ನ ಕಳಿಸಿದ್ಲು."

"ಒಂದು ತಪ್ಪಿಗೆ ಎಷ್ಟು ವರ್ಷ ಬೈತೀಯೆ?"

"ನಿನಗೇನು ಗೊತ್ತು? ನಾವು ಹಿಮದಲ್ಲಿ ನಿಂತಿದ್ದಾಗ ನೀನು ಒಲೆ ಮುಂದೆ ಬೆಚ್ಚಗಿದ್ದೆ."

ಮರ್ಲ್ ಚಮಚ ಕೆಳಗಿಟ್ಟ. ಆ ಮುಷ್ಕರ ನಡೆದಷ್ಟು ದಿನವೂ ಲವೋನ್ ಕೆಲಸ ಮುಗಿಸಿ ದೊಡ್ಡ ಪಾತ್ರೆಯಲ್ಲಿ ಸೂಪು ಮಾಡಿ ಗೇಟಿಗೆ ಹೊತ್ತುಕೊಂಡು ಹೋಗುತ್ತಿದ್ದಳು. ಡೋರೀನ್ ಕುಡಿದದ್ದೂ ಅದನ್ನೇ. ಲವೋನ್ ಎದ್ದು ನಾದಿನಿಯ ಮುಂದಿನ ತಟ್ಟೆ ಎತ್ತಿದಳು. ಅದರಲ್ಲಿ ಮಾಂಸ ಅರ್ಧ ಹಾಗೇ ಇತ್ತು. ಡೋರೀನ್ ಕೋಟು ಹಾಕಿಕೊಂಡು ಹೋದವಳು ಮತ್ತೆ ಬರಲಿಲ್ಲ.

ಆಮೇಲೆ ಪಾಡು ಪಟ್ಟವನು ಮರ್ಲ್. ಕಬ್ಬಿಣದ ಸಾಮಾನಿನ ಅಂಗಡಿಗೆ ಹೋಗಿ ಬರುತ್ತೇನೆಂದು ಹೇಳಿ ತಂಗಿಯ ಮನೆಗೆ ಹೋಗುವನು. ವಾಪಸು ಬಂದಾಗ ಬಾಯಲ್ಲಿ ಸೇಬಿನ ಕಡುಬಿನ ವಾಸನೆ. "ಈಗ ಅಂಗಡೀಲಿ ಮೊಳೆ ಜೊತೆ ಕಡುಬೂ ಮಾರ್ತಾರಾ?" ಎನ್ನುವಳು ಲವೋನ್. ಅವನು ಹಿಮ ಗುಡಿಸಲು ಹೊರಗೆ ಹೋಗುವನು. ಆ ವರ್ಷ ಅವರ ಮನೆ ಮುಂದಿನ ದಾರಿಯಷ್ಟು ಚೊಕ್ಕಟವಾದ ದಾರಿ ಊರಲ್ಲೇ ಇರಲಿಲ್ಲ.

ಅಭ್ಯರ್ಥಿ ಯಾರೆಂದು ವಾರ್ಡಿನವರು ಆರಿಸುವ ಸಭೆಯ ಸಂಜೆ ಬಂತು. ಶಾಲೆಯ ಆಟದ ಹಾಲ್‌ನಲ್ಲಿ ಒದ್ದೆ ಬೂಟುಗಳ, ಕಾಫಿಯ ವಾಸನೆ. ಅಲ್ಲಿ ಚೀಟಿ ಹಾಕುವ ಪದ್ಧತಿಯಿಲ್ಲ. ತಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ಎಲ್ಲರೆದುರು ನಿಲ್ಲಬೇಕು. ಯಾರ ಮೂಲೆಯಲ್ಲಿ ಸಾಕಷ್ಟು ಜನ ಇಲ್ಲವೋ ಆ ಮೂಲೆ ಸತ್ತಂತೆ. ಅಲ್ಲಿದ್ದವರು ಬೇರೆ ಮೂಲೆಗೆ ಹೋಗಬೇಕು, ಇಲ್ಲವೇ ಮನೆಗೆ. ಬ್ಯಾಂಕಿನವನ ಮುಂದೆ, ಯಜಮಾನನ ಮುಂದೆ, ಅತ್ತೆಯ ಮುಂದೆ ನಿಂತು ತೋರಿಸುವ ಮತ ಅದು.

ಲವೋನ್ ಮೈಕು ಹಿಡಿದು ನಿಯಮ ಓದಿದಳು. ಜನ ಎದ್ದು ಹರಡಿಕೊಂಡರು. ಕಿಟ್ರೆಜ್ ಮೂಲೆ ತುಂಬಿ ತುಳುಕಿತು. ಮೇಯರ್ ಮೂಲೆಯಲ್ಲೂ ಗದ್ದಲ. ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಡೋರೀನ್ ನಿಂತಿದ್ದಳು, ಸುತ್ತ ಕಾರ್ಖಾನೆಯ ಹೆಂಗಸರು, ಇಬ್ಬರು ಮೂವರು ಕಾಲೇಜು ಹುಡುಗಿಯರು. ಅವರ ನಡುವೆ, ಟೋಪಿಯನ್ನು ಕೈಯಲ್ಲಿ ಹಿಂಡುತ್ತ, ಮರ್ಲ್.

ಹಾಲ್‌ನ ಒಂದು ತುದಿಯಿಂದ ನಗು ಶುರುವಾಗಿ ಇನ್ನೊಂದು ತುದಿಗೆ ಮುಟ್ಟಿತು. "ಲವೋನ್, ನಿನ್ನ ಸಾಮಾನೊಂದು ಆ ಕಡೆ ಬಿದ್ದಿದೆ ನೋಡೇ!" ಎಂದು ಯಾರೋ ಕೂಗಿದರು. ಲವೋನ್ ಗಂಡನ ತಲೆಯನ್ನೂ ಎಲ್ಲರ ತಲೆಯಂತೆಯೇ ಎಣಿಸಿದಳು. ಎಣಿಕೆ ಮುಗಿದಾಗ ಲೋಮ್ಯಾಕ್ಸ್ ಮೂಲೆಗೆ ಒಬ್ಬರು ಕಡಿಮೆ ಬಿದ್ದಿತ್ತು. ಒಬ್ಬರೇ ಒಬ್ಬರು.

ಮೂಲೆ ಬದಲಿಸಲು ಎಲ್ಲರಿಗೂ ಅರ್ಧ ಗಂಟೆ ಸಮಯ, ಅಷ್ಟರಲ್ಲಿ ಜನ ಕೂಡಿದರೆ ಸತ್ತ ಮೂಲೆಯೂ ಬದುಕಬಹುದು. ಎರಡು ಕಡೆಯವರೂ ಬುಟ್ಟಿಯ ಕೆಳಗಿನವರನ್ನು ಕರೆಯಲು ನುಗ್ಗಿದರು. ಕಿಟ್ರೆಜ್ ಕಡೆ ಮುಂದೆ ನಿಂತವಳು ಫಿಲಿಸ್, ಊರಿನ ಮನೆ-ನಿವೇಶನ ಮಾರಾಟದ ದಲ್ಲಾಳಿ. ಬಾಯಿ ಸ್ವಲ್ಪ ಜೋರು.

"ಬನ್ನಿ ಬನ್ನಿ, ಇಲ್ಲಿ ಬೆಚ್ಚಗಿದೆ," ಎಂದಳು ಫಿಲಿಸ್. "ಮುಂದಿನ ಸಲ ನವೆಂಬರ್ ಚುನಾವಣೆ ತನಕ ಉಸಿರಾಡೋ ಅಂಥವನನ್ನ ಆರಿಸ್ಕೊಳ್ಳಿ."

ಡೋರೀನ್ ಕೋಟಿನ ಗುಂಡಿ ಹಾಕತೊಡಗಿದಳು. ಅವಳ ಹಿಂದೆ ಉಳಿದ ಹೆಂಗಸರೂ. ಇವರು ಹೀಗೆ ಬಾಗಿಲು ದಾಟಿದರೆ ನವೆಂಬರಿನ ದೊಡ್ಡ ಚುನಾವಣೆಯಲ್ಲೂ ಮತ ಹಾಕಲು ಬರುವುದಿಲ್ಲ ಅನ್ನುವುದು ಲವೋನ್‌ಗೆ ಕಂಡುಹೋಯಿತು. ಮೈಕನ್ನು ಮೇಜಿನ ಮೇಲಿಟ್ಟು ಹಾಲ್ ದಾಟಿ ಹೋದಳು. ಆ ಭಾನುವಾರದಿಂದ ಈಚೆಗೆ ನಾದಿನಿಗೆ ಅಷ್ಟು ಹತ್ತಿರ ಹೋಗಿದ್ದು ಅದೇ ಮೊದಲು.

"ಡೋರೀನ್, ಹೋಗ್ಬೇಡ್ವೇ."

"ಯಾಕೆ, ತಟ್ಟೆ ಕಿತ್ಕೊಳ್ಳೋದು ಇನ್ನೂ ಬಾಕಿ ಇದ್ಯಾ?"

"ಬೈಯೋದಾದ್ರೆ ಆಮೇಲೆ ಮನೇಗ್ ಬಂದು ಬೈ. ಈಗ ನಮ್ಮ ಕಡೆ ಬಂದು ನಿಂತ್ಕೋ. ನೀನು ಬಂದ್ರೆ ಇವರೆಲ್ಲ ಬರ್ತಾರೆ."

ಡೋರೀನ್ ಅವಳನ್ನೇ ನೋಡಿದಳು. ಸರಿಯಾಗಿ ಕೂಡದ ಬಲ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಚಳಿಗೆ ಅದು ನೋಯುತ್ತಿತ್ತು.

"ಬರ್ತೀನಿ. ಒಂದು ಮಾತು. ಆ ಮೈಕು ತಗೊಂಡು, ಗವರ್ನರ್ ನಮ್ಮ ಗೇಟಿಗೆ ಪೊಲೀಸರನ್ನ ಕಳಿಸಿದ್ದು ತಪ್ಪು ಅಂತ ಹೇಳು. ನಿನ್ನ ಜನದ ಮುಂದೆ ಹೇಳು. ನಾಲ್ಕು ವರ್ಷದಿಂದ ಈ ಪಕ್ಷದಲ್ಲಿ ಒಬ್ಬರ ಬಾಯಿಂದಾನೂ ಆ ಮಾತು ಬಂದಿಲ್ಲ. ಹೇಳಿದ್ರೆ ಬರ್ತೀನಿ, ದೇವರಾಣೆ."

"ಹುಚ್ಚಾ ನಿನಗೆ? ಸಭೆ ನಡೆಸೋಳು ನಾನು!"

"ಹಂಗಾದ್ರೆ ನಡೆಸ್ಕೋ ಹೋಗು."

ಲವೋನ್ ಮೇಜಿನ ಹತ್ತಿರ ಬಂದಳು. ನೀರು ಕುಡಿದಳು, ಕಾಗದಗಳನ್ನು ಸರಿಪಡಿಸಿದಳು, ಮತ್ತೆ ಕೆದರಿದಳು. ಬಾಗಿಲ ಬಳಿ ಕಾರ್ಖಾನೆಯ ಹೆಂಗಸೊಬ್ಬಳು ಆಗಲೇ ಕೈಗವಸು ಹಾಕಿಕೊಳ್ಳುತ್ತಿದ್ದಳು. ಲವೋನ್ ಮೈಕು ಎತ್ತಿದಳು. ಅದು ಕೀರ್ ಎಂದಿತು.

"ಒಂದು ಮಾತು," ಎಂದಳು. "ನಾನು ಕಿಟ್ರೆಜ್ ಕಡೆ. ಅದು ನಿಮಗೆಲ್ಲ ಗೊತ್ತು, ಇವತ್ತೂ ಆ ಕಡೇನೇ ನಿಲ್ತೀನಿ. ಆದ್ರೆ ಮುಷ್ಕರದಲ್ಲಿ ಗೇಟಿಗೆ ಪೊಲೀಸರನ್ನ ಕಳಿಸಿದ್ದು ತಪ್ಪು. ನಮ್ಮೂರಿನ ಹೆಂಗಸರನ್ನ ಹಿಮದಲ್ಲಿ ಕೆಡವಿದ್ರು. ನಾನು ಸೂಪಿನ ಪಾತ್ರೆ ಹಿಡ್ಕೊಂಡು ಅಲ್ಲೇ ಇದ್ದೆ, ಕಣ್ಣಾರೆ ನೋಡಿದೀನಿ. ನಮ್ಮವಳು ಮಾಡಿದ್ದು ಅಂತ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಅಷ್ಟೇ."

ಹಾಲ್ ತುಂಬ ಒಂದೇ ಸಮನೆ ಗದ್ದಲ.

"ಸಭೆ ನಡೆಸೋಳು ಭಾಷಣ ಮಾಡೋ ಹಾಗಿಲ್ಲ!" ಫಿಲಿಸ್ ಕಿರುಚಿದಳು. "ಯಾರ ಪರ ಇದೀಯ ನೀನು?"

"ಹೇಳಿದ್ನಲ್ಲ, ನಿನ್ನ ಪರ," ಎಂದಳು ಲವೋನ್.

ಆಗ ಯಾರೂ ನೆನೆಸದ ಕೆಲಸ ನಡೆಯಿತು. ಕಿಟ್ರೆಜ್ ಮೂಲೆಯಿಂದ ಶಾಲಾ ಬಸ್ಸಿನ ಡ್ರೈವರ್ ಡ್ವೇನ್ ಹೊರಬಂದ. "ನನ್ನ ಮಗಳೂ ಆ ಗೇಟಲ್ಲಿದ್ಲು," ಎಂದು ಯಾರಿಗೂ ಹೇಳದ ಹಾಗೆ ಹೇಳಿಕೊಂಡು ಬುಟ್ಟಿಯ ಕೆಳಗೆ ಹೋಗಿ ನಿಂತ. ಅವನ ಹಿಂದೆಯೇ ನಿವೃತ್ತ ಟೀಚರು ಮಿಸ್ ಆಗಾರ್ಡ್, ಊರುಗೋಲು ಊರಿಕೊಂಡು ನಿಧಾನವಾಗಿ. ಟೀಚರ ತೋಳನ್ನು ಫಿಲಿಸ್ ಹಿಡಿದರೆ ಅವರು ಕೋಲನ್ನು ಸ್ವಲ್ಪ ಎತ್ತಿದರು. ಫಿಲಿಸ್ ಕೈ ಬಿಟ್ಟಳು.

ಲೋಮ್ಯಾಕ್ಸ್ ಮೂಲೆ ಬದುಕಿಕೊಂಡಿತು. ಕಾರ್ಖಾನೆಯ ಹೆಂಗಸರು ಕೂಗಿ, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಡೋರೀನ್ ಮಾತ್ರ ನಗಲಿಲ್ಲ. ಅವಳು ಆಣೆ ಇಟ್ಟಿದ್ದಳಲ್ಲ.

"ನೀನು ಹೋಗ್ಬೇಕಾಗಿಲ್ಲ ಕಣೇ," ಎಂದ ಮರ್ಲ್.

"ಮಾತು ಕೊಟ್ಟಿದೀನಿ."

"ಈಗ ನಾವು ಗೆದ್ವಲ್ಲ!"

"ನಾನು ಹೋದ್ರೂ ಸರಿಯಾಗಿ ಸಾಕಾಗುತ್ತೆ. ನೀನು ಮಾತ್ರ ಜಾಗ ಬಿಟ್ಟು ಅಲ್ಲಾಡ್ಬೇಡ, ಕಾಲು ಮುರೀತೀನಿ."

ಹೀಗೆ ಹೇಳಿ ಡೋರೀನ್ ಹಾಲ್ ದಾಟಿದಳು. ಎದೆಯ ಮೇಲೆ ಲೋಮ್ಯಾಕ್ಸ್ ಹೆಸರಿನ ಬಿಲ್ಲೆ ಹಾಗೇ ಇತ್ತು. ಕಿಟ್ರೆಜ್ ಮೂಲೆಯ ಅಂಚಿನಲ್ಲಿ, ಫಿಲಿಸ್‌ಗೆ ಬೆನ್ನು ಮಾಡಿ, ಕೈಕಟ್ಟಿ ನಿಂತಳು. ಜನ ಈಗ ನಗಲಿಲ್ಲ. ಲವೋನ್ ಮತ್ತೆ ಎಣಿಸಲು ಬಂದಾಗ ನಾದಿನಿಯ ಮುಂದೆ ಅವಳ ನಾಲಿಗೆ ತೊಡರಿತು. ಎಣಿಕೆ ತಪ್ಪಿ ಮೊದಲಿನಿಂದ ಶುರುಮಾಡಬೇಕಾಯಿತು.

ವಾರ್ಡನ್ನು ಕಿಟ್ರೆಜ್ ಗೆದ್ದಳು, ಆದರೆ ಜಿಲ್ಲಾ ಸಭೆಗೆ ಅವಳ ಪರವಾಗಿ ಹೋಗಬೇಕಿದ್ದ ಪ್ರತಿನಿಧಿಗಳಲ್ಲಿ ಒಬ್ಬ ಲೋಮ್ಯಾಕ್ಸ್ ಪಾಲಾದ. ಫಿಲಿಸ್ ಹೋಗುವಾಗ ಲವೋನ್ ಮುಂದೆ ನಿಂತಳು. "ನಿನ್ನ ಬಾಯಿಂದ ಹೋದ ಪ್ರತಿನಿಧಿ," ಎಂದಳು. "ಜಿಲ್ಲೆಯವರಿಗೆ ಹೇಳ್ದೆ ಬಿಡಲ್ಲ." ಹೇಳಿದಳು ಕೂಡ. ಬೇಸಿಗೆ ಬರುವ ಮೊದಲೇ ಆ ವಾರ್ಡಿನ ಸಭೆ ನಡೆಸುವ ಕೆಲಸ ಫಿಲಿಸ್ ಕೈಗೆ ಹೋಯಿತು. ಲವೋನ್ ಒಂದು ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ಎಂದು ಗಂಡನನ್ನು ಕೇಳುವಳು. ಅವನು ಸರಿ ಎಂದರೆ ರೇಗುವಳು, ಸುಮ್ಮನಿದ್ದರೂ ರೇಗುವಳು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ಹಾಲ್ ಖಾಲಿಯಾದ ಮೇಲೆ ಕುರ್ಚಿ ಮಡಚಲು ಉಳಿದವರು ಇಬ್ಬರೇ. ಡೋರೀನ್ ಎಡಗೈಯಲ್ಲಿ ಒಂದೊಂದೇ ಕುರ್ಚಿ ಎತ್ತುತ್ತಿದ್ದಳು.

"ನಿನ್ನ ಸೂಪು ಕುಡಿದೂ, ನೀನು ಒಲೆ ಮುಂದೆ ಬೆಚ್ಚಗಿದ್ದೆ ಅಂದ್ನಲ್ಲ," ಎಂದಳು ಡೋರೀನ್, ಕುರ್ಚಿ ನೋಡುತ್ತ. "ಅವತ್ತು ಅದು ನನ್ನ ಬಾಯಿಗೆ ಬರಬಾರದಿತ್ತು."

"ಬರಬಾರದಿತ್ತು," ಎಂದಳು ಲವೋನ್.

ಡೋರೀನ್ ಇನ್ನೊಂದು ಕುರ್ಚಿ ಮಡಚಿ ಗೋಡೆಗೆ ಒರಗಿಸಿದಳು.

"ಆದ್ರೂ ನಿನ್ನ ಗವರ್ನರಮ್ಮ ನವೆಂಬರಲ್ಲಿ ಸೋಲ್ತಾಳೆ."

"ನಿನ್ನ ಮುದುಕ ಸೋಲೋಕೆ ನವೆಂಬರ್ ತನಕ ಇರ್ತಾನಾ ಮೊದ್ಲು?"

"ಫಿಲಿಸ್ ಥರಾನೇ ಮಾತಾಡ್ತೀಯಲ್ಲೇ!"

"ಅವಳ ಹೆಸರು ಎತ್ತಬೇಡ!"

ಹೊರಗೆ ಮರ್ಲ್ ಕಾರಿನ ಹಾರ್ನು ಬಾರಿಸಿದ. ಇಬ್ಬರಿಗೂ ಕೇಳಿಸಲಿಲ್ಲ.