ಕುದುರೆ ಅಲ್ಲ, ಆನೆ

ಪಾಲೆಂಜದ ಗಿರಿಧರ ಭಟ್ಟರಿಗೆ ತಮ್ಮ ಬಾಯಿಯ ಬಗ್ಗೆ ಭ್ರಮೆಯೇನೂ ಇರಲಿಲ್ಲ. ಊಟದ ಪಂಕ್ತಿಯಲ್ಲಿ ತಮ್ಮ ಪಕ್ಕ ಕೂತವರ ಎಲೆಯಲ್ಲಿ ಸಾರು ಆರಿಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಪುತ್ತೂರಿನ ಬಸ್ಸಿಗೆ ತಾವು ಹತ್ತಿದ ಕೂಡಲೇ ಪರಿಚಯದವರಿಗೆಲ್ಲ ನಿದ್ದೆ ಬರುತ್ತದೆ ಎಂಬುದೂ ಗೊತ್ತಿತ್ತು. ಗೊತ್ತಿದ್ದೂ ಮಾತಾಡುತ್ತಿದ್ದರು. ಹಾಗಾಗಿ, ಹೆಂಡತಿ ವಸುಮತಿಯ ಗಂಟಲಿನ ಗಂಟು ತೆಗೆಯುವ ದಿನ ಮಂಗಳೂರಿನ ಆಸ್ಪತ್ರೆಯ ಬೆಂಚಿನಲ್ಲಿ ಕೂತು, ದೇವಿಗೆ ಏನು ಹರಕೆ ಹೇಳಲಿ ಎಂದು ಯೋಚಿಸಿದಾಗ, ತಮ್ಮಲ್ಲಿ ಬೇಕಾದ್ದಕ್ಕಿಂತ ಹೆಚ್ಚಾಗಿ ಇರುವುದು ಯಾವುದೆಂದು ಹುಡುಕಬೇಕಾಗಲಿಲ್ಲ.

ಸ್ವರ ಉಳಿಯುತ್ತದೆಂದು ಹೇಳಲಾಗದು ಎಂದಿದ್ದರು ಡಾಕ್ಟರು. ವಸುಮತಿ ಶುಕ್ರವಾರದ ಭಜನೆಗೆ ಮೊದಲ ಸ್ವರ ಎತ್ತುವವಳು. ಭಟ್ಟರು ಕಣ್ಣು ಮುಚ್ಚಿ ಕೈ ಮುಗಿದರು. “ಅಮ್ಮಾ, ಇವಳ ಸ್ವರ ಇವಳಿಗೇ ಇರಲಿ. ಹಳೇ ಕಾಲುದಾರಿಯಲ್ಲಿ ನಡೆದು ನಿನ್ನ ಗುಡ್ಡೆಗೆ ಬರುತ್ತೇನೆ. ಮನೆಯ ಮೆಟ್ಟಿಲು ಇಳಿದಲ್ಲಿಂದ ನಿನ್ನ ಎದುರು ನಿಲ್ಲುವವರೆಗೆ ಒಂದಕ್ಷರ ಆಡುವುದಿಲ್ಲ.”

ಕೆಲವು ವಾರ ವಸುಮತಿಯ ಬಾಯಿಂದ ಬರೀ ಗಾಳಿ ಬಂತು. ಒಂದು ಬೆಳಿಗ್ಗೆ ಹಟ್ಟಿಯ ಕಡೆಯಿಂದ, ಬಿರುಕು ಬಿಟ್ಟದ್ದಾದರೂ ಖಂಡಿತ ಅವಳದೇ ಆದ ಸ್ವರ ಕೇಳಿತು: “ದನಕ್ಕೆ ಅಕ್ಕಚ್ಚು ಇಟ್ಟಿದ್ದೀರಾ, ಇಲ್ಲಾ ಯಾರಿಗೋ ಕತೆ ಹೇಳ್ತಾ ಕೂತದ್ದಾ?” ಭಟ್ಟರು ಅತ್ತರು. ಅತ್ತು ಮುಗಿದ ಮೇಲೆ ಹರಕೆ ನೆನಪಾಗಿ ಇನ್ನೊಮ್ಮೆ ಅಳು ಬಂತು.

ಪೆರ್ಲಗುಡ್ಡೆಯ ತುದಿಯ ದೇವಿಯ ಗುಡಿಗೆ ಈಗ ಕಡಬದ ಕಡೆಯಿಂದ ಜೀಪು ಹೋಗುತ್ತದೆ. ಕಾಲುದಾರಿ ಅದಕ್ಕಿಂತ ಎಷ್ಟೋ ಹಿಂದಿನದು. ಘಟ್ಟದಿಂದ ಕರಿಮೆಣಸು ಹೊತ್ತ ಎತ್ತುಗಳು ಇಳಿಯುತ್ತಿದ್ದದ್ದು ಅದರಲ್ಲೇ. ಒಂದು ಗುಡ್ಡೆ ಹತ್ತಿ ಇಳಿದು, ಇನ್ನೊಂದರ ಸೊಂಟ ಬಳಸಿ, ಬಲ್ಲಾಳರ ಕಾಲದ ಹಳೇಪೇಟೆಯ ಕಲ್ಲುಬಾಗಿಲಿನಡಿ ನುಗ್ಗಿ ಮೇಲೇರುತ್ತದೆ. ಈಗ ಅದರಲ್ಲಿ ನಡೆಯುವವರೆಂದರೆ ಪುತ್ತೂರು ಪೇಟೆಯ ದರ್ಬೆಯಿಂದ ಭಾನುವಾರ ಚಾರಣಕ್ಕೆ ಬರುವವರು: ಬೂಟು, ಟೊಪ್ಪಿ, ಕೈಗೆರಡು ಕೋಲು.

ದಾರಿ ಭಟ್ಟರಿಗೆ ಕಷ್ಟವಲ್ಲ. ಕಷ್ಟ ದಾರಿಯ ಸ್ವಭಾವದ್ದು. ಹಳೇ ದಾರಿ ಮನೆಗಳನ್ನು ಬಳಸಿ ಹೋಗುವುದಿಲ್ಲ, ಮನೆಗಳ ಅಂಗಳದಲ್ಲೇ ಹಾದುಹೋಗುತ್ತದೆ. ಅಂಗಳ ದಾಟುವವನಿಗೆ ಬೆಲ್ಲ, ನೀರು ಕೊಡಬೇಕು. ಬೆಲ್ಲ ಕರಗುವಷ್ಟರಲ್ಲಿ ಎಲ್ಲಿಂದ, ಎಲ್ಲಿಗೆ, ಎಂತಕ್ಕೆ ಎಂದು ಕೇಳಬೇಕು. ಉತ್ತರ ಕೊಡದೆ ಹೋಗುವವನು ಒಂದೋ ಕಳ್ಳ, ಇಲ್ಲದಿದ್ದರೆ ಗಡಿಜಗಳ ಇರುವವನು.

“ಮೌನ ಅಂತ ಬರೆದು ಕುತ್ತಿಗೆಗೆ ಒಂದು ಬೋರ್ಡು ಹಾಕಿದ್ರೆ?” ಎಂದು ಭಟ್ಟರು ಹಿಂದಿನ ದಿನ ಕೇಳಿದ್ದರು.

“ಬರೆದದ್ದೂ ಮಾತೇ ಅಲ್ವಾ?” ಎಂದಳು ವಸುಮತಿ. “ನಾನು ನವಾಝನ ಜೀಪಿನಲ್ಲಿ ಹಣ್ಣುಕಾಯಿ ಹಿಡ್ಕೊಂಡು ಮೇಲೆ ಕಾಯ್ತೇನೆ. ನೀವು ಬಾಯಿಗೆ ಬೀಗ ಹಾಕಿ ಬನ್ನಿ, ಸಾಕು.”

ಗೇರುಹೂವಿನ ಪರಿಮಳ ತುಂಬಿದ ಮಾಗಿಯ ಬೆಳಿಗ್ಗೆ ಭಟ್ಟರು ಮೆಟ್ಟಿಲಿಳಿದರು. ಮೊದಲ ಅಂಗಳ ಕುಮುದಿನಕ್ಕನದು.

“ಓಹ್, ಗಿರಿಧರಣ್ಣ! ಎಂತ ಇಷ್ಟು ಬೇಗ? ಕೂತ್ಕೊಳ್ಳಿ.” ಬೆಲ್ಲ ಬಂತು, ನೀರು ಬಂತು. “ವಸುಮತಿ ಹೇಗಿದ್ದಾಳೆ? ಸ್ವರ ಬಂತಾ?”

ಭಟ್ಟರು ತಲೆಯಾಡಿಸಿದರು.

“ಬಂತಾ? ಒಳ್ಳೆದಾಯ್ತು.” ಕುಮುದಿನಕ್ಕ ಕಾದಳು. ಸಾಧಾರಣಕ್ಕೆ ಇಷ್ಟು ಹೊತ್ತಿಗೆ ಭಟ್ಟರು ಆಸ್ಪತ್ರೆಯ ಲಿಫ್ಟಿನ ಕತೆ ಮುಗಿಸಿ ಕ್ಯಾಂಟೀನಿಗೆ ಬಂದಿರಬೇಕಿತ್ತು. “ಹಾಗಾದ್ರೆ ನಿಮ್ಮದು ಎಲ್ಲಿ ಹೋಯ್ತು?”

ಭಟ್ಟರು ನಕ್ಕರು. ನಗು ಸ್ವಲ್ಪ ಒಂದು ಬದಿಗೆ ಬಂದಿರಬೇಕು.

“ಅಯ್ಯೋ ದೇವರೆ, ಬಾಯಿ ಸೊಟ್ಟ ಆದ ಹಾಗೆ ಉಂಟಲ್ಲ! ಕೈ ಎತ್ತಿ ನೋಡುವ, ಎರಡೂ ಕೈ!”

ಭಟ್ಟರು ಎರಡೂ ಕೈ ಎತ್ತಿ, ಅದನ್ನೇ ನಮಸ್ಕಾರ ಮಾಡಿ ಹೊರಟರು. ಬೇಲಿಯ ತಡಮೆ ದಾಟುವಾಗ ಬೆನ್ನ ಹಿಂದೆ ಫೋನಿನಲ್ಲಿ ಕುಮುದಿನಕ್ಕ ಹೇಳುವುದು ಕೇಳಿತು: “ಒಂದಕ್ಷರ ಇಲ್ಲ ಮಾರಾಯ್ತಿ! ಹ್ಞೂಂ, ಗಿರಿಧರಣ್ಣನೇ! ಬೇರೆ ಗಿರಿಧರ ಯಾರುಂಟು?”

ಫೋನು ಭಟ್ಟರಿಗಿಂತ ಬೇಗ ನಡೆಯಿತು. ಮುಂದಿನ ಅಂಗಳದಲ್ಲಿ ಜನ ಬೆಲ್ಲದ ಜೊತೆಗೆ ಕಾಳುಮೆಣಸಿನ ಕಷಾಯವನ್ನೂ ಹಿಡಿದು ನಿಂತಿದ್ದರು. ಹೆಂಡತಿಯ ಸೀಕು ಗಂಡನಿಗೆ ದಾಟಿದ್ದು ಎಂದರು ಒಬ್ಬರು. ಅಲ್ಲ, ಯಾರೋ ಸರಿಯಾಗಿ ಬೈದಿರಬೇಕು ಎಂದರು ಇನ್ನೊಬ್ಬರು. “ಯಾರೇ ಆಗಲಿ, ಪುಣ್ಯಾತ್ಮರು” ಎಂಬ ಪಿಸುಮಾತೂ ಕೇಳಿತು. ಇದಕ್ಕೆ ಕೊಡಬಹುದಾದ ಬಹಳ ಚೆಂದದ ಉತ್ತರವೊಂದು ಭಟ್ಟರ ನಾಲಿಗೆಯ ತುದಿಗೆ ಬಂದು ಕೂತಿತ್ತು. ಕಷಾಯದ ಜೊತೆ ಅದನ್ನೂ ನುಂಗಿದರು.

ಮನೆಗಳು ಮುಗಿದು ಕಾಡು ಹಿಡಿದ ಮೇಲೆ ಸಮಾಧಾನವಾಯಿತು. ಮಂಗಟ್ಟೆ ಹಕ್ಕಿಯೊಂದು ರೆಕ್ಕೆಯ ಸದ್ದು ಮಾಡುತ್ತಾ ಮೇಲಿಂದ ಹಾದುಹೋಯಿತು. ಎತ್ತಿನ ಗೊರಸಿಗೆ ಸವೆದ ಕಲ್ಲುಗಳ ಮೇಲೆ ತಮ್ಮದೇ ಹೆಜ್ಜೆಯ ಸದ್ದು. ಎಲ್ಲೋ ನೀರು. ಇದೆಲ್ಲ ಮೊದಲೂ ಇತ್ತೇ, ಅಥವಾ ನಾನು ಬಾಯಿ ಮುಚ್ಚಿದ ಮೇಲೆ ಬಂದದ್ದೇ ಎಂದು ಅವರಿಗೆ ಆಶ್ಚರ್ಯವಾಯಿತು. ದೇವಿ ಇಲ್ಲೇ ಎಲ್ಲೋ, ಒಂದು ಮರದ ಮರೆಯಲ್ಲಿ ಜೊತೆಗೆ ನಡೆಯುತ್ತಿದ್ದಾಳೆ ಎನಿಸಿ ಮೈ ಜುಂ ಎಂದಿತು.

ಸ್ವಲ್ಪ ದೂರ ಹೋಗುವಷ್ಟರಲ್ಲಿ, ಈ ಮೌನದ ಅನುಭವವನ್ನು ಬರುವ ಮದುವೆಯ ಪಂಕ್ತಿಯಲ್ಲಿ ಹೇಗೆ ಹೇಳಬೇಕೆಂದು ಅವರು ಮನಸ್ಸಿನೊಳಗೆ ವಾಕ್ಯ ಕಟ್ಟತೊಡಗಿದ್ದರು. ಮಂಗಟ್ಟೆ ಒಂದರಿಂದ ಏಳಾಗಿತ್ತು. ಹುಲಿಯನ್ನು ಸೇರಿಸಬೇಕೋ ಬೇಡವೋ ಎಂಬಲ್ಲಿಗೆ ಬಂದಾಗ ಹಳೇಪೇಟೆ ಬಂತು.

ಮುರಿದ ಬಸದಿಯ ಕಟ್ಟೆ, ಹೆಸರಿಗೆ ನಾಲ್ಕು ಮನೆ, ಬೀದಿಯ ಕೊನೆಗೆ ಕಲ್ಲುಬಾಗಿಲು. ಬಾಗಿಲಿನ ಮೇಲ್ಗಲ್ಲು ಎಷ್ಟು ತಗ್ಗೆಂದರೆ ಎಂಥವನೂ ತಲೆ ಬಗ್ಗಿಸದೆ ದಾಟಲಾರ. ಅದರ ಪಕ್ಕದ ಮನೆಯ ತೀರ್ಥರಾಮ ಗೌಡರು ಜಗಲಿಯಲ್ಲಿ ಕೂತಿದ್ದರು. ಅಂಗಳದ ತುಂಬ ದರ್ಬೆಯ ನಡಿಗೆಯವರು, ಕೋಲುಗಳನ್ನು ಗೋಡೆಗೆ ಒರಗಿಸಿ ಬೆಲ್ಲ ಕಚ್ಚುತ್ತಾ ಕತೆ ಕೇಳುತ್ತಿದ್ದರು.

ಭಟ್ಟರ ಕಿವಿ ನೆಟ್ಟಗಾಯಿತು. ಅದು ಅವರೇ ಪಂಕ್ತಿಪಂಕ್ತಿಯಲ್ಲಿ ಹೇಳುತ್ತಾ ಬಂದ ಕತೆ.

“ಆಗ ಬಲ್ಲಾಳ ಅರಸು ಬಂದ,” ಎನ್ನುತ್ತಿದ್ದರು ತೀರ್ಥರಾಮ ಗೌಡರು. “ಬಾಗಿಲು ತಗ್ಗಾಯ್ತು, ಒಡೀರಿ ಅಂದ. ಇಲ್ಲಿ ದಾರಿಹೋಕರಿಗೆ ಮಜ್ಜಿಗೆ ಕೊಡುವ ಒಂದು ಅಜ್ಜಿ. ಅವಳು ಎದುರು ನಿಂತು ಹೇಳಿದ್ಲು: ಬಾಗಿಲು ಒಡೀಬೇಡ ಮಗಾ, ನೀನು ಬಗ್ಗು. ಬಗ್ಗಿ ಬಂದು ಮಜ್ಜಿಗೆ ಕುಡಿ.”

ಪರವಾಗಿಲ್ಲ, ಚೆನ್ನಾಗಿಯೇ ಹೇಳುತ್ತಿದ್ದಾನೆ ಎಂದುಕೊಂಡರು ಭಟ್ಟರು. ಅಜ್ಜಿ ಪಾಲೆಂಜದವಳು ಎಂಬುದನ್ನು ಬಿಟ್ಟದ್ದನ್ನೂ ಸಹಿಸಿದರು. ದೇವಿಯ ಗುಡ್ಡೆ ಎದುರೇ ಕಾಣುತ್ತಿತ್ತು, ಇನ್ನೊಂದು ಏರು ಅಷ್ಟೆ.

“ಹಾಗೆ ಅರಸು ಏನು ಮಾಡಿದ? ಕುದುರೆಯಿಂದ ಇಳಿದ—”

“ಕುದುರೆ ಅಲ್ಲ ಮಾರಾಯ, ಆನೆ!”

ಮಾತು ಕಲ್ಲುಬಾಗಿಲಿಗೆ ಬಡಿದು ವಾಪಸು ಬಂತು. ಅಷ್ಟು ದೊಡ್ಡದಾಗಿ ಕೂಗಿದ್ದು ಯಾರೆಂದು ಭಟ್ಟರೇ ಒಮ್ಮೆ ತಿರುಗಿ ನೋಡಿದರು.

ತೀರ್ಥರಾಮ ಗೌಡರು ಎದ್ದು ನಿಂತರು. “ಅಲ್ಲ ಗಿರಿಧರಣ್ಣ, ನಿಮಗೆ ಮಾತು ನಿಂತಿದೆ ಅಂತ ಕುಮುದಿನಕ್ಕ ಫೋನ್ ಮಾಡಿದ್ರಲ್ಲ!”

ಭಟ್ಟರು ಕಲ್ಲುಬಾಗಿಲಿನ ಹೊಸ್ತಿಲಲ್ಲಿ ಕುಸಿದು ಕೂತರು. ಹೋಯಿತು. ಕಷಾಯ ನುಂಗಿದ್ದು, ಸೊಟ್ಟಬಾಯಿ ಎನಿಸಿಕೊಂಡದ್ದು, ಎಲ್ಲ ಹೋಯಿತು. ಹೇಗೂ ಹೋದದ್ದು ಹೋಯಿತಲ್ಲ ಎಂದು, ಅಲ್ಲೇ ಕೂತು ದರ್ಬೆಯವರಿಗೆ ಕತೆಯನ್ನು ಮೊದಲಿನಿಂದ, ಆನೆಯ ಹೆಸರು ಸಮೇತ, ಸರಿಯಾಗಿ ಹೇಳಿ ಮುಗಿಸಿದರು. ಆಮೇಲೆ ಆ ಕೊನೆಯ ಏರು ಹತ್ತುವಾಗ ಮಾತ್ರ ಅವರಿಗೆ ನಿಜವಾಗಿ ಹೆದರಿಕೆಯಾಯಿತು. ಕೊಟ್ಟ ಸ್ವರವನ್ನು ಅಮ್ಮ ವಾಪಸು ಕೇಳಿದರೆ?

ಗುಡಿಯ ಎದುರು ಅವರ ಮುಖ ನೋಡಿದ್ದೇ ವಸುಮತಿ ಕೇಳಿದಳು: “ಎಲ್ಲಿ?”

“ಹಳೇಪೇಟೆಯಲ್ಲಿ.”

“ಎಂತಕ್ಕೆ?”

“ತೀರ್ಥರಾಮ ಕುದುರೆ ಅಂದ.”

ಜೀಪಿಗೆ ಒರಗಿದ್ದ ನವಾಝ್ ನಗು ತಡೆಯಲಾರದೆ ಹೇಳಿದ: “ಆನೆ ನೀವೇ ಆಮೇಲೆ ಹಾಕಿದ್ದಲ್ವಾ ಭಟ್ರೆ? ನಾನು ಸಣ್ಣದಿರುವಾಗ ಅದರಲ್ಲಿ ಎತ್ತು ಇತ್ತು.”

ಅರ್ಚಕ ರಾಮಪ್ರಸಾದರು ಮೆಲ್ಲಗೆ, “ಒಂದು ತಪ್ಪುಕಾಣಿಕೆ ಹಾಕಿ ಪ್ರಾರ್ಥನೆ ಮಾಡುವ. ಅಮ್ಮನಿಗೆ ಗೊತ್ತುಂಟು ಇವರ ವಿಷಯ” ಎಂದರು.

ಭಟ್ಟರ ಕೈ ಆಗಲೇ ಜೇಬಿಗೆ ಹೋಗಿತ್ತು. “ಬೇಡ” ಎಂದಳು ವಸುಮತಿ. “ಅಮ್ಮ ನನಗೆ ಸ್ವರ ಅರ್ಧ ಕೊಟ್ಟು ನಿಲ್ಲಿಸ್ಲಿಲ್ಲ ಅಲ್ವಾ? ಇವರು ಮನೆಯ ಮೆಟ್ಟಿಲಿಂದ ಇನ್ನೊಮ್ಮೆ ನಡೀಲಿ. ನಾನೂ ಬರ್ತೇನೆ. ಡಾಕ್ಟ್ರು ನನಗೆ ಕೂಗಬೇಡಿ ಅಂದದ್ದು, ನಡೀಬೇಡಿ ಅನ್ಲಿಲ್ಲ.”

ಜೀಪಿನಲ್ಲಿ ಇಳಿಯುವಾಗ ಅವಳು ಒಮ್ಮೆ ಕೆಮ್ಮಿದಳು. ಭಟ್ಟರು ಅವಳು ಮತ್ತೆ ಮಾತಾಡುವವರೆಗೆ ಉಸಿರು ಬಿಡಲಿಲ್ಲ.

ಎರಡನೆಯ ಸಲ ಅಂಗಳಗಳಲ್ಲಿ ಪ್ರಶ್ನೆಗಳಿಗೆ ಉತ್ತರವಿತ್ತು. ವಸುಮತಿ ಕೂತು, ಬೆಲ್ಲ ಕಚ್ಚಿ, ನೀರು ಕುಡಿದು, ಎಲ್ಲವನ್ನೂ ಹೇಳಿದಳು: ಹರಕೆ, ಕಷಾಯ, ಕುದುರೆ, ಆನೆ. ಜನ ಹೊಟ್ಟೆ ಹಿಡಿದು ನಕ್ಕರು. ಕುಮುದಿನಕ್ಕ ಕಣ್ಣೊರೆಸಿಕೊಂಡು, “ಇನ್ನೊಮ್ಮೆ ಹೇಳು, ಆನೆ ಅಂದದ್ದು ಹೇಗೆ?” ಎಂದು ಕೇಳಿದಳು. ವಸುಮತಿ ಹೇಳಿ ತೋರಿಸಿದಳು. ಭಟ್ಟರು ಪಕ್ಕದಲ್ಲಿ, ತಮ್ಮ ಮಾನ ಅಂಗಳದಿಂದ ಅಂಗಳಕ್ಕೆ ಹೋಗುವುದನ್ನು ನೋಡುತ್ತಾ ಕೂತರು. ಅವಳ ಸ್ವರ ಮೊದಲಿನಂತಿರಲಿಲ್ಲ. ಮೇಲೆ ಹೋಗುವಲ್ಲಿ ಸ್ವಲ್ಪ ಒಡೆಯುತ್ತಿತ್ತು, ಒಡೆದಲ್ಲಿ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು. ಇವಳಿಗೆ ಕತೆ ಹೇಳಲು ಇಷ್ಟು ಚೆನ್ನಾಗಿ ಬರುತ್ತದೆಂದು ಭಟ್ಟರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗಲು ಅವರು ಯಾವತ್ತು ಎಡೆ ಕೊಟ್ಟಿದ್ದರು?

ಹಳೇಪೇಟೆಯಲ್ಲಿ ತೀರ್ಥರಾಮ ಗೌಡರು ಕಾದಿದ್ದರು. ಜಗಲಿಯಲ್ಲಿ ಜಾಗ ಮಾಡಿ, ಬೆಲ್ಲದ ತಟ್ಟೆ ಇಟ್ಟು, “ಅಕ್ಕ, ಇವತ್ತು ಕತೆ ನೀವೇ ಹೇಳಿ” ಎಂದರು.

ವಸುಮತಿ ಹೇಳಿದಳು. ಅಜ್ಜಿ ಬಂದಳು, ಮಜ್ಜಿಗೆ ಬಂತು, ಅರಸು ಬಂದ. ಅಲ್ಲಿ ಅವಳು ನಿಲ್ಲಿಸಿ, ಗಂಡನ ಕಡೆ ಒಮ್ಮೆ ನೋಡಿದಳು.

“ಹಾಗೆ ಅರಸು,” ಎಂದಳು, “ಕುದುರೆಯಿಂದ ಇಳಿದ.”

ಅಂಗಳದವರೆಲ್ಲ ಭಟ್ಟರತ್ತ ತಿರುಗಿದರು. ಗಿರಿಧರ ಭಟ್ಟರು ತಟ್ಟೆಯಲ್ಲಿದ್ದ ಬೆಲ್ಲದ ಎಲ್ಲಕ್ಕಿಂತ ದೊಡ್ಡ ತುಂಡನ್ನು ಬಾಯಿಗಿಟ್ಟು, ಎದ್ದು, ಕಲ್ಲುಬಾಗಿಲಿನ ಒಂದು ಬದಿಗೆ ಸರಿದು, ಕುದುರೆಗೆ ದಾರಿ ಬಿಟ್ಟರು.