ಟೊಪ್ಪಿಗೆ ಕಟ್ಟಿದ ತಂದೆ

"ಅಜ್ಜಿ, ಇನ್ನೂ ಕೂಸಿನ ಥರ ಈ ಮುಂಗೂದಲು ಬಿಟ್ಕೊಂಡು ತಿರುಗೋಕೆ ನಾಚ್ಕೆ ಆಗುತ್ತೆ" ಎಂದು ಚಿಯೊಮಾರು ನನ್ನ ಅಡುಗೆಮನೆಗೆ ಬಂದು ಗೊಣಗುತ್ತಿದ್ದ.

"ಮೀಸೆ ಬಂದ್ಮೇಲೆ ನಾಚ್ಕೊಳ್ಳಿ, ಚಿಕ್ಕ ದೊರೆ. ಈಗ ಮೂಲಂಗಿ ತಿನ್ನಿ."

ಅವನು ಕುರೊಸೆ ಕೋಟೆಯ ದೊರೆಯ ಮಗ. ಅಪ್ಪ ನಮ್ಮ ಇವಾಡೆ ದೊರೆಗಳ ಜೊತೆ ಸಂಧಿ ಮಾಡಿಕೊಂಡಾಗ, ಮಾತಿಗೆ ತಪ್ಪುವುದಿಲ್ಲವೆಂದು ಎಳೆಯ ಮಗನನ್ನು ಒತ್ತೆಯಿಟ್ಟು ಹೋಗಿದ್ದ. ಅಂದಿನಿಂದ ಗಂಜಿ ಬೇಯಿಸಿ ಹಾಕಿದವಳು ನಾನು, ಬಿಲ್ಲು ಹಿಡಿಯಲು ಕಲಿಸಿದವರು ನಮ್ಮ ದೊರೆಗಳು. ಗಂಡುಮಕ್ಕಳಿಲ್ಲದ ಅವರಿಗೆ ಅವನೆಂದರೆ ಪ್ರಾಣ.

ಆ ಪ್ರೀತಿಯೇ ಮುಳುವಾಯಿತು. ಹುಡುಗನ ಹಟಕ್ಕೆ ಸೋತು, ದೊರೆಗಳು ತಾವೇ ಅವನ ಮುಂಗೂದಲು ಬೋಳಿಸಿ, ಕರಿ ಟೊಪ್ಪಿಗೆ ಕಟ್ಟಿ, ಕಗೆಹಿಸ ಎಂದು ಗಂಡಸಿನ ಹೆಸರಿಟ್ಟರು. ಟೊಪ್ಪಿಗೆ ಕಟ್ಟಿದವರು ಎರಡನೆಯ ತಂದೆಯಿದ್ದ ಹಾಗೆ. ನಾನು ಕೆಂಪು ಕಾಳು ಹಾಕಿ ಹಬ್ಬದ ಅನ್ನ ಮಾಡಿ ಬಡಿಸಿದೆ.

ಭತ್ತದ ನಾಟಿ ಮುಗಿಯುವ ಮೊದಲೇ ಕುರೊಸೆಯವನು ಸಂಧಿ ಮುರಿದು ನಮ್ಮ ಗಡಿಕೋಟೆ ಸುಟ್ಟ. ಮಗ ನಮ್ಮಲ್ಲಿದ್ದಾನೆಂಬುದನ್ನು ಅವನೇನೂ ಮರೆತಿರಲಿಲ್ಲ. ಮನೆಯಲ್ಲಿ ಇನ್ನೂ ಗಂಡುಮಕ್ಕಳಿದ್ದರು, ಅಷ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅವನ ವಂಶ ಹಾಳಾಗಲಿ.

ಮುಂಗೂದಲಿನ ಹುಡುಗನಾಗಿದ್ದರೆ ತಲೆ ಬೋಳಿಸಿ ಮಠಕ್ಕೆ ಕಳಿಸಬಹುದಿತ್ತು. ಗಂಡಸಾದ ಒತ್ತೆಯಾಳು ತಾನೇ ಹೊಟ್ಟೆ ಬಗಿದುಕೊಂಡು ಸಾಯಬೇಕು, ಅದೊಂದೇ ದಾರಿ. ನಾನು ದೊರೆಗಳ ಕಾಲಿಗೆ ಬಿದ್ದೆ.

"ಟೊಪ್ಪಿಗೆ ಕಟ್ಟಲೇ ಇಲ್ಲ ಅಂದ್ಬಿಡಿ, ಬುದ್ಧಿ. ಯಾರು ಕೇಳ್ತಾರೆ?"

"ಗಡಿಕೋಟೇಲಿ ಮಕ್ಕಳನ್ನ ಕಳ್ಕೊಂಡೋರೆಲ್ಲ ಅವತ್ತು ನೀನು ಬಡಿಸಿದ್ದನ್ನ ಉಂಡಿದ್ದಾರೆ ಕಣೇ" ಎಂದರು. "ಅವರೇ ಕೇಳ್ತಾರೆ."

ಬೆಳಿಗ್ಗೆ ಕಗೆಹಿಸ ಒಲೆಯ ಪಕ್ಕ ಕೂತ. ಗಂಜಿ ಮುಟ್ಟಲಿಲ್ಲ.

"ಹೆದರಿಕೆ ಆಗ್ತಿದೆ ಅಜ್ಜಿ. ಯಾರಿಗೂ ಹೇಳ್ಬೇಡ."

ನಾನು ಅವನ ಕೈ ಹಿಡಿದುಕೊಂಡು ಅತ್ತೆ. ಇನ್ನೇನು ಮಾಡಲಿ?

ಹೊಟ್ಟೆ ಬಗಿದುಕೊಂಡವನು ನರಳದಂತೆ ಕುತ್ತಿಗೆ ಕಡಿಯಲು ಹಿಂದೆ ಒಬ್ಬರು ನಿಲ್ಲಬೇಕು. ಆ ಕೆಲಸಕ್ಕೆಂದು ನುರಿತ ಕತ್ತಿಯಾಳನ್ನು ಕರೆಸಿದ್ದರು. ಬಿಳಿ ಬಟ್ಟೆಯುಟ್ಟು ಅಂಗಳದಲ್ಲಿ ಕೂತ ಕಗೆಹಿಸ ತಲೆಯಾಡಿಸಿದ.

"ಅವರು ಬೇಡ. ಅಪ್ಪಾ, ನೀವೇ ನಿಂತ್ಕೊಳ್ಳಿ."

ಅಪ್ಪಾ ಎಂದು ಅವನು ಅವರನ್ನು ಕರೆದದ್ದು ಅದೇ ಮೊದಲು. ದೊರೆಗಳು ಎದ್ದು ಬಂದು ಕತ್ತಿ ತೆಗೆದುಕೊಂಡರು. ಎಷ್ಟೋ ಯುದ್ಧ ಕಂಡ ಕೈಗಳು ಅವು.

ಒಂದೇ ಏಟಿಗೆ ಮುಗಿಯಲಿಲ್ಲ.